ಆಯಿಲ್ ಪೈಪ್‌ಲೈನನ್ನ ಬರೀ ಕೊಳವೆ ಅಂತ ನೋಡದೆ ಓದೋದು ಹೇಗೆ

ಟೆಕ್ನಾಲಜಿ-ಸಮಾಜದ ಥಿಯರಿ ಎಲ್ಲಾ ಬಾಯಿಪಾಠ ಇರುತ್ತೆ, ಆದ್ರೆ ಒಂದು ನಿಜವಾದ ವಸ್ತು ಕೊಟ್ಟು ಇದಕ್ಕೆ ಹಚ್ಚಿ ತೋರಿಸು ಅಂದ್ರೆ ಪೆನ್ನೇ ಓಡಲ್ಲ ಅನ್ನೋರಿಗೆ ಇದು. ಅಮೆರಿಕದ ಅಲಾಸ್ಕಾ ಪೈಪ್‌ಲೈನ್ ತಗೊಳ್ಳೋಣ: ಉತ್ತರ ತುದಿಯ ಎಣ್ಣೆ ಪ್ರದೇಶ ಪ್ರೂಡೋ ಬೇ ಇಂದ ದಕ್ಷಿಣದ ವಾಲ್ಡೀಜ್ ಬಂದರಿಗೆ ಸುಮಾರು 1,290 ಕಿಲೋಮೀಟರ್, 48 ಇಂಚಿನ ಪೈಪು, ಎಣ್ಣೆ ಹರಿದಿದ್ದು 1977ರಲ್ಲಿ.

ಮೊದಲು ತಾರೀಖುಗಳನ್ನ ಸಾಲಾಗಿ ಬರ್ಕೊಳ್ಳಿ, ಅರ್ಧ ಕಥೆ ಅಲ್ಲೇ ಸಿಗುತ್ತೆ. 1968ರಲ್ಲಿ ಎಣ್ಣೆ ಸಿಕ್ತು, 1969ರಲ್ಲೇ ಜಪಾನಿಂದ ಪೈಪ್ ತರಿಸಿಬಿಟ್ರು, ಪರ್ಮಿಷನ್ನೂ ಇಲ್ಲ, ಜಾಗ ಯಾರ್ದು ಅಂತ್ಲೂ ತೀರ್ಮಾನ ಆಗಿಲ್ಲ, ಹುಡುಗಿ ನೋಡೋಕೆ ಮುಂಚೆ ಛತ್ರ ಬುಕ್ ಮಾಡಿದ ಹಂಗೆ! ಪೈಪುಗಳು ವರ್ಷಗಟ್ಟಲೆ ಯಾರ್ಡಲ್ಲಿ ಬಿದ್ದಿದ್ವು. ಮೂಲನಿವಾಸಿಗಳ ಜಮೀನಿನ ಹಕ್ಕು ಕಾನೂನಲ್ಲಿ ಇತ್ಯರ್ಥ ಆಗಿದ್ದು 1971ರಲ್ಲಿ. 1973ರಲ್ಲಿ, ಪರಿಸರದ ಹೆಸರಲ್ಲಿ ಇನ್ನು ಕೋರ್ಟಿಗೆ ಎಳೆಯಂಗಿಲ್ಲ ಅನ್ನೋ ತಿದ್ದುಪಡಿಗೆ ಸೆನೆಟ್ಟಲ್ಲಿ 49-49 ಬಿತ್ತು, ಉಪಾಧ್ಯಕ್ಷ ಸ್ಪೈರೋ ಆಗ್ನ್ಯೂ ವೋಟ್ ಹಾಕಿ ದಾಟಿಸಿದ್ರು. ಇಂಜಿನಿಯರಿಂಗ್ ಅಂತೀವಲ್ಲ, ಅದರಲ್ಲಿ ಈ ಒಂದು ವೋಟೂ ಸೇರ್ಕೊಂಡಿದೆ.

ಆಮೇಲೆ ಮನುಷ್ಯರಲ್ಲದವರನ್ನೂ ಲೆಕ್ಕಕ್ಕೆ ತಗೊಳ್ಳಿ. ಫ್ರೆಂಚ್ ಚಿಂತಕ ಬ್ರೂನೋ ಲಾತೂರ್ ಕಡೆಯವರು ಹೇಳೋದು ಇದನ್ನೇ, ವಸ್ತುಗಳೂ ಕಥೇಲಿ ಪಾತ್ರಧಾರಿಗಳೇ ಅಂತ. ನಂಗೆ ಮೊದಲು ಇದು ಬರೀ ಮಾತಿನ ಚಮತ್ಕಾರ ಅನಿಸ್ತಿತ್ತು, ಅಲಾಸ್ಕಾ ನೆಲದ ವಿಷಯ ಓದಿದ ಮೇಲೆ ಬಾಯಿ ಮುಚ್ಕೊಂಡೆ. ಕಂಪನಿಗಳ ಮೊದಲಿನ ಪ್ಲಾನಲ್ಲಿ ಪೈಪಿನ ಬಹುಪಾಲು ಮಣ್ಣಲ್ಲಿ ಹೂತಿಡೋದೇ ಇತ್ತು. ಆದ್ರೆ ಬಾವಿಯಿಂದ ಬರೋ ಎಣ್ಣೆ ಬಿಸಿ, ನೆಲ ವರ್ಷಪೂರ್ತಿ ಹೆಪ್ಪುಗಟ್ಟಿದ್ದು, ಕರಗಿದ್ರೆ ಕೆಸರಾಗಿ ಪೈಪ್ ಕುಸಿಯುತ್ತೆ. ಕೊನೆಗೆ ಅರ್ಧಕ್ಕಿಂತ ಜಾಸ್ತಿ ಪೈಪನ್ನ ಕಂಬದ ಮೇಲೆ ಎತ್ತಿ ನಿಲ್ಲಿಸಿದ್ರು, ಎಷ್ಟೋ ಕಂಬಗಳೊಳಗೆ ಅಮೋನಿಯಾ ತುಂಬಿದ ಕೊಳವೆ ಇಟ್ರು, ಚಳಿಗಾಲದಲ್ಲಿ ಅದು ನೆಲದ ಬಿಸಿ ಹೀರಿ ಮೇಲಕ್ಕೆ ಬಿಡುತ್ತೆ, ಅಂದ್ರೆ ನೆಲವನ್ನ ಗಟ್ಟಿಯಾಗಿಡೋಕೇ ಒಂದು ಫ್ರಿಡ್ಜ್. ಪೈಪಿನ ಆಕಾರ ತೀರ್ಮಾನ ಮಾಡಿದ್ದು ಬೋರ್ಡ್‌ರೂಮ್ ಒಂದೇ ಅಲ್ಲ, ಮಣ್ಣೂ ಸಹ.

ಮೂರನೇದು, ಇದನ್ನ ಈಗ ನಿಲ್ಲಿಸೋಕಾಗುತ್ತಾ ಅಂತ ಕೇಳಿ. ಥಾಮಸ್ ಹ್ಯೂಸ್ ಅನ್ನೋ ಇತಿಹಾಸಕಾರ ಮೊಮೆಂಟಮ್ ಅಂದಿದ್ದು ಇದಕ್ಕೇ, ದೊಡ್ಡ ವ್ಯವಸ್ಥೆ ಒಮ್ಮೆ ಉರುಳಿತು ಅಂದ್ರೆ ತೇರಿನ ಹಾಗೆ. 1988ರಲ್ಲಿ ದಿನಕ್ಕೆ ಸುಮಾರು 20 ಲಕ್ಷ ಬ್ಯಾರೆಲ್ ಹರೀತಿತ್ತು, ಈಚೆಗೆ 5 ಲಕ್ಷಕ್ಕಿಂತ ಕಮ್ಮಿ. ಕಮ್ಮಿ ಎಣ್ಣೆ ನಿಧಾನಕ್ಕೆ ಹೋಗುತ್ತೆ, ತಣ್ಣಗಾಗುತ್ತೆ, ಮೇಣ ಕಟ್ಟುತ್ತೆ, ನೀರಿನಂಶ ಮಂಜುಗಡ್ಡೆ ಆಗೋ ಭಯ. ಹಂಗಾಗಿ ಪೈಪ್ ಉಳೀಬೇಕು ಅಂದ್ರೆ ಹೊಸ ಬಾವಿ ಕೊರೀರಿ ಅನ್ನೋ ವಾದ ಹುಟ್ಟುತ್ತೆ, ಎಣ್ಣೆಗೋಸ್ಕರ ಪೈಪ್ ಹಾಕಿದ್ದು ಹೋಗಿ ಪೈಪಿಗೋಸ್ಕರ ಎಣ್ಣೆ.

ಇಷ್ಟು ಕೈ ಪಳಗಿದ ಮೇಲೆ ನಮ್ಮದೇ ಮಂಗಳೂರು-ಹಾಸನ-ಬೆಂಗಳೂರು ಪೆಟ್ರೋಲಿಯಂ ಪೈಪ್‌ಲೈನ್ ಹಿಡೀರಿ. ಮೊದಲು 1962ರ ಪೈಪ್‌ಲೈನ್ ಕಾಯ್ದೆ ಓದಿ, ಅದು ಜಮೀನು ಕಿತ್ಕೊಳ್ಳಲ್ಲ, ಬಳಸೋ ಹಕ್ಕು ಮಾತ್ರ ತಗೊಳ್ಳುತ್ತೆ. ಪಹಣಿ ರೈತನ ಹೆಸರಲ್ಲೇ ಇರುತ್ತೆ, ಆದ್ರೆ ಪೈಪ್ ಹೋಗಿರೋ ಪಟ್ಟಿಯಲ್ಲಿ ಮನೆ ಕಟ್ಟಂಗಿಲ್ಲ, ಬಾವಿ ತೋಡಂಗಿಲ್ಲ, ಮರ ನೆಡಂಗಿಲ್ಲ. ತೆಂಗು ಅಡಿಕೆ ನಂಬ್ಕೊಂಡಿರೋರ ತೋಟದ ಮಧ್ಯೆ ಈ ಪಟ್ಟಿ ಬಂದ್ರೆ ಏನಾಗುತ್ತೆ, ನಿಮ್ಮ ಬರಹದ ಮೊದಲ ಪ್ಯಾರಾ ಅಲ್ಲಿಂದ ಶುರು ಮಾಡಿ.