ಮದುವೆ ಮರುದಿನ 26 ಜನಕ್ಕೆ ಆಮ್ಲೆಟ್

ಬದಿಯಡ್ಕದ ಹತ್ತಿರ ಇರುವ ನಮ್ಮ ಮನೆಯಲ್ಲಿ ಮದುವೆಯೋ ಕೋಲವೋ ಆಯಿತೆಂದರೆ ಮರುದಿನ ಬೆಳಿಗ್ಗೆ ಇಪ್ಪತ್ತೈದು ಜನಕ್ಕೆ ಕಡಿಮೆ ಇರುವುದಿಲ್ಲ. ಅಡುಗೆಯವರು ರಾತ್ರಿಯೇ ಪಾತ್ರೆ ತೊಳೆದು ಹೊರಟುಹೋಗಿರುತ್ತಾರೆ. ಮುಂದಿನದ್ದು ನಮ್ಮ ತಲೆ ಮೇಲೆ. ನೀರುದೋಸೆಗೆ ಅಕ್ಕಿ ನೆನೆಹಾಕಿದರೆ ಆಯಿತು, ಅದೇನೂ ಕಷ್ಟ ಅಲ್ಲ. ಕಷ್ಟ ಆಮ್ಲೆಟ್‌ದು. ಒಬ್ಬನಿಗೆ ನೀರುಳ್ಳಿ ಬೇಡ, ಇನ್ನೊಬ್ಬಳಿಗೆ ಖಾರ ಬೇಡ, ಮಾವನಿಗೆ ಕಾಳುಮೆಣಸು ಜಾಸ್ತಿ, ಮಕ್ಕಳಿಗೆ ಚೀಸ್. ಕಾವಲಿಯಲ್ಲಿ ಒಂದಕ್ಕೆ ಮೂರು ನಿಮಿಷ ಅಂತ ಹಿಡಿದರೂ 26 ಜನಕ್ಕೆ ಒಂದು ಗಂಟೆ ಹದಿನೆಂಟು ನಿಮಿಷ ಆಗುತ್ತದೆ. ಮೊದಲು ತಿಂದವನಿಗೆ ಅಷ್ಟರಲ್ಲಿ ಮತ್ತೆ ಹಸಿವು! ಹುಯ್ಯುವವಳು ಕೊನೆಗೆ ತಣ್ಣಗಿನ ದೋಸೆ ತಿನ್ನುವುದು.

ದಾರಿ ತೋರಿಸಿದ್ದು ದುಬೈಯಿಂದ ಬಂದ ಅಕ್ಕನ ಮಗ. ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಎರಡು ಮೊಟ್ಟೆ ಒಡೆದು, ಬೇಕಾದ್ದು ಸೇರಿಸಿ, ಮೇಲೆ ಹೆಸರು ಬರೆದು, ಎಲ್ಲರ ಚೀಲವನ್ನೂ ಒಟ್ಟಿಗೆ ಕುದಿಯುವ ನೀರಿಗೆ ಬಿಡುವುದಂತೆ. ಹದಿಮೂರು ನಿಮಿಷ, ಮುಗೀತು. ಮಾಡಿ ನೋಡಿದೆವು. ನಾಲ್ಕರಲ್ಲಿ ಎರಡು ಚೀಲ ಪಾತ್ರೆಯ ಬದಿಗೆ ತಾಗಿ ಮೆತ್ತಗಾಗಿ ಬಾಯಿ ಬಿಟ್ಟವು, ಮೊಟ್ಟೆ ಎಲ್ಲ ನೀರಿನಲ್ಲಿ ತೇಲಿತು. ಅವು ಫ್ರಿಜ್ಜಿನಲ್ಲಿ ಇಡಲಿಕ್ಕೆ ಮಾಡಿದ ಚೀಲಗಳು, ಕುದಿಸಲಿಕ್ಕೆ ಅಲ್ಲ. ಬಿಸಿ ಪ್ಲಾಸ್ಟಿಕ್‌ನಲ್ಲಿ ಬೆಂದದ್ದನ್ನು ಮಕ್ಕಳಿಗೆ ಕೊಡುವುದಕ್ಕೆ ನನಗಂತೂ ಮನಸ್ಸಾಗಲಿಲ್ಲ. ಆದರೆ ಅವನು ಹೇಳಿದ್ದರಲ್ಲಿ ಒಂದು ವಿಷಯ ಸರಿ ಇತ್ತು: ಬೇರೆ ಬೇರೆ ಬೇಕು ಅಂದಮಾತ್ರಕ್ಕೆ ಬೇರೆ ಬೇರೆ ಬೇಯಿಸಬೇಕು ಅಂತ ಏನಿಲ್ಲ.

ಹಲಸಿನ ಎಲೆಯ ಕೊಟ್ಟೆ (ದೊನ್ನೆ) ಕಟ್ಟಿ, ಅದರಲ್ಲಿ ಇಡ್ಲಿ ಹಿಟ್ಟು ಹೊಯ್ದು ಮಾಡುವ ಕಡುಬಿನ ಹಾಗೆ ಬೇಯಿಸು ಅಂದರು ಅತ್ತೆ. ಅದೂ ಆಯಿತು. ಇಡ್ಲಿ ಹಿಟ್ಟು ದಪ್ಪ, ಕೊಟ್ಟೆಯಲ್ಲಿ ನಿಲ್ಲುತ್ತದೆ. ಕದಡಿದ ಮೊಟ್ಟೆ ಎಲ್ಲಿ ನಿಲ್ಲುತ್ತದೆ, ಎಲೆಗಳ ಸಂದಿಯಿಂದ ಸೋರಿ ತೊಂದುರಿನ (ಹಬೆಯಲ್ಲಿ ಬೇಯಿಸುವ ಪಾತ್ರೆಯ) ಅಡಿಗೆ ಹೋಯಿತು.

ಕೊನೆಗೆ ಅಟ್ಟದಿಂದ ಇಳಿಸಿದ್ದು ಮನೆ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಉಡುಗೊರೆ ಬಂದ ಸ್ಟೀಲ್ ಬಟ್ಟಲುಗಳನ್ನು, ಪಾಯಸ ಕುಡಿಯುವಂಥವು. ಒಂದೊಂದರ ಮೇಲೂ ಕೊಟ್ಟವರ ಹೆಸರು ಕೊರೆದಿದೆ, ಕೆಲವದರಲ್ಲಿ ತಾರೀಕೂ ಇದೆ. ಸ್ಟೀಲ್ ಮೇಲೆ ಪೆನ್ನಿನಲ್ಲಿ ಬರೆದರೆ ಹಬೆಗೆ ಅಳಿಸಿಹೋಗುತ್ತದೆ, ಕೊರೆದದ್ದು ಅಳಿಸುವುದಿಲ್ಲವಲ್ಲ. ನಿನ್ನ ಬಟ್ಟಲಿನ ಹೆಸರು ನೆನಪಿಟ್ಟುಕೋ, ಕರೆದಾಗ ಬಾ, ಅಷ್ಟೇ ನಿಯಮ. ತೀರಿಹೋದ ಅಜ್ಜನ ಹೆಸರು ಕೂಗಿದಾಗ ಏಳು ವರ್ಷದ ಪೋರ ಎದ್ದು ಬಂದದ್ದಕ್ಕೆ ಬಿದ್ದ ನಗು ಈಗಲೂ ನಿಂತಿಲ್ಲ.

ಮೊಟ್ಟೆ ಲೆಕ್ಕ ಸುಲಭ. ಒಂದು ಟ್ರೇಗೆ 30, ಎರಡು ಟ್ರೇ ತಂದರೆ ತಲೆಗೆ ಎರಡರಂತೆ ಕೊಟ್ಟು ಎಂಟು ಉಳಿಯುತ್ತವೆ. ಆ ಎಂಟು ಬೇಕೇ ಬೇಕು, ಯಾಕೆ ಅಂದರೆ ಮೊದಲ ಸಲ ನಾನು ಸೀದಾ ದೊಡ್ಡ ಪಾತ್ರೆಗೇ ಒಡೆಯುತ್ತಾ ಹೋಗಿ, ಹತ್ತೊಂಬತ್ತನೆಯದ್ದು ಕೊಳೆತದ್ದು ಬಿದ್ದು, ಮೂಗು ಮುಚ್ಚಿಕೊಂಡು ಅಷ್ಟನ್ನೂ ತೆಂಗಿನ ಬುಡಕ್ಕೆ ಸುರಿದಿದ್ದೇನೆ. ಈಗ ಒಂದೊಂದನ್ನೂ ಮೊದಲು ಲೋಟಕ್ಕೆ ಒಡೆದು, ನೋಡಿ, ಆಮೇಲೆ ಪಾತ್ರೆಗೆ. ಉಪ್ಪು, ಚಿಟಿಕೆ ಅರಿಶಿನ ಹಾಕಿ ಎಲ್ಲವನ್ನೂ ಒಟ್ಟಿಗೇ ಕದಡುತ್ತೇನೆ. ನೊರೆ ಬರುವಷ್ಟು ಕದಡಬಾರದು, ಬೆಂದಾಗ ತೂತು ತೂತಾಗುತ್ತದೆ. ಎರಡು ಮೊಟ್ಟೆ ಅಂದರೆ ಹೆಚ್ಚುಕಡಿಮೆ 100 ಮಿಲಿ. ನಮ್ಮ ಸಾರಿನ ಸೌಟು ಸರಿಯಾಗಿ ಅಷ್ಟೇ ಹಿಡಿಯುತ್ತದೆ, ಹಾಗಾಗಿ ಒಬ್ಬರಿಗೆ ಒಂದು ಸೌಟು.

ಜಗಲಿಯ ಮೇಜಿನ ಮೇಲೆ ಬಾಳೆಲೆ ಹಾಸಿ ಮೊಟ್ಟೆಗೆ ಸೇರಿಸುವ ಸಾಮಾನು ಇಡುತ್ತೇನೆ, ಬೇಕಾದ್ದನ್ನು ಅವರವರ ಬಟ್ಟಲಿಗೆ ಅವರವರೇ ಹಾಕಿಕೊಳ್ಳುವುದು. ಇಲ್ಲಿ ಸ್ವಲ್ಪ ಹುಷಾರಿರಬೇಕು. ಹಬೆಯಲ್ಲಿ ನೀರು ಆರಿಹೋಗುವುದಿಲ್ಲ, ಒಳಗೇ ಉಳಿಯುತ್ತದೆ. ಟೊಮೆಟೊವನ್ನು ಬೀಜದ ಸಮೇತ ಹಾಕಿದರೆ ಬಟ್ಟಲಿನ ತಳದಲ್ಲಿ ಸಾರು ನಿಲ್ಲುತ್ತದೆ. ಬೀಜ ತೆಗೆದು ಹೆಚ್ಚಿ. ನೀರುಳ್ಳಿಯನ್ನು ತೆಂಗಿನೆಣ್ಣೆಯಲ್ಲಿ ಕಂದು ಬಣ್ಣ ಬರುವವರೆಗೆ ಹಿಂದಿನ ರಾತ್ರಿಯೇ ಹುರಿದಿಡುತ್ತೇನೆ. ಹಸಿ ನೀರುಳ್ಳಿ ಹಬೆಯಲ್ಲಿ ಅರೆಬೆಂದು ಕರುಕುರು ಅನ್ನುತ್ತದೆ, ನನಗೆ ಅದು ಆಗುವುದೇ ಇಲ್ಲ. ನುಗ್ಗೆಸೊಪ್ಪನ್ನೂ ಸ್ವಲ್ಪ ಬಾಡಿಸಿಯೇ ಇಡುವುದು. ಮತ್ತೆ ತೆಂಗಿನತುರಿ, ಕರಿಬೇವಿನಸೊಪ್ಪು, ಕುಟ್ಟಿದ ಕಾಳುಮೆಣಸು, ಚೀಸ್, ಸಣ್ಣಗಿದ್ದರೂ ಬಲು ಖಾರದ ಗಾಂಧಾರಿ ಮೆಣಸು. ಎಲ್ಲಕ್ಕಿಂತ ಮೊದಲು ಖಾಲಿಯಾಗುವುದು ಗರಿಗರಿ ಹುರಿದ ಒಣ ಸಿಗಡಿ. ಅದಕ್ಕೆ ಬೇರೆ ಚಮಚ ಇಡಿ, ಮೊಟ್ಟೆ ತಿಂದರೂ ಮೀನು ಮುಟ್ಟದವರು ಇರುತ್ತಾರೆ. ಮತ್ತೊಂದು ಮಾತು, ಬಟ್ಟಲಿನ ಕಾಲು ಭಾಗಕ್ಕಿಂತ ಜಾಸ್ತಿ ತುಂಬಿಸಲು ಬಿಡಬೇಡಿ. ತುಂಬಿಸಿದರೆ ಮೊಟ್ಟೆ ಹಿಡಿದುಕೊಳ್ಳುವುದಿಲ್ಲ, ಕವುಚಿದಾಗ ಉದುರುತ್ತದೆ.

ಬಟ್ಟಲಿಗೆ ಎಣ್ಣೆ ಮಾತ್ರ ಧಾರಾಳ ಸವರಬೇಕು. ಸ್ಟೀಲಿಗೆ ಮೊಟ್ಟೆ ಅಂಟಿದರೆ ತಿಕ್ಕಿ ತಿಕ್ಕಿ ಸಾಕಾಗುತ್ತದೆ.

ನಮ್ಮ ದೊಡ್ಡ ತೊಂದುರಿನಲ್ಲಿ ಒಂದು ಅಂತಸ್ತಿಗೆ ಏಳು ಬಟ್ಟಲು, ಎರಡು ಅಂತಸ್ತು. ಅಂದರೆ ಎರಡೇ ಸರದಿ. ನೀರು ಚೆನ್ನಾಗಿ ಕುದಿ ಬಂದ ಮೇಲೆಯೇ ಒಳಗಿಟ್ಟು, ಉರಿ ಮಧ್ಯಮಕ್ಕೆ ಇಳಿಸಿ, 12 ನಿಮಿಷ. ಮುಚ್ಚಳಕ್ಕೆ ತೆಳು ಬಟ್ಟೆ ಕಟ್ಟದಿದ್ದರೆ ಹಬೆ ನೀರಾಗಿ ಆಮ್ಲೆಟ್ ಮೇಲೆ ತೊಟ್ಟಿಕ್ಕುತ್ತದೆ. ಕೆಳಗಿನ ಅಂತಸ್ತಿನ ಬಟ್ಟಲುಗಳ ಮೇಲೆ ಬಾಡಿಸಿದ ಬಾಳೆಲೆ ತುಂಡು ಹಾಕುತ್ತೇನೆ, ಪರಿಮಳವೂ ಬರುತ್ತದೆ. ಕಡ್ಡಿ ಚುಚ್ಚಿ ನೋಡಿ, ಹಸಿ ಅಂಟದಿದ್ದರೆ ತೆಗೆಯಿರಿ. ಬಿಸಿ ಇರಲಿ ಅಂತ ಸುಮ್ನೆ ಒಳಗೇ ಬಿಟ್ಟಿರಿ ಅಂದರೆ ರಬ್ಬರಿನ ಹಾಗಾಗುತ್ತದೆ, ಬಣ್ಣವೂ ಹಸಿರಾಗುತ್ತದೆ. ಹಳದಿಯ ಕಬ್ಬಿಣಾಂಶ ಬಿಳಿಯ ಗಂಧಕದ ಜೊತೆ ಸೇರಿ ಆಗುವ ಹಸಿರು ಅದು, ತಿಂದರೆ ಏನೂ ಆಗುವುದಿಲ್ಲ, ಆದರೆ ನೋಡಿದವರು ತಿನ್ನಬೇಕಲ್ಲ.

ಕಾವಲಿಯ ಆಮ್ಲೆಟ್‌ಗೆ ಇದು ಸಮ ಅಂತ ನಾನು ಹೇಳುವುದಿಲ್ಲ. ಅಂಚು ಕೆಂಪಗಾಗಿ ಗರಿಗರಿ ಇರುವುದಿಲ್ಲ. ನಮ್ಮವರು ಮೊದಲ ತುತ್ತಿಗೇ 'ಇದು ಮೊಟ್ಟೆ ಇಡ್ಲಿ' ಅಂದರು. ಅಂಥವರಿಗೆ ಬಟ್ಟಲಿನಿಂದ ಕವುಚಿ, ಬಿಸಿ ಕಾವಲಿಯಲ್ಲಿ ಎಣ್ಣೆ ಬಿಟ್ಟು ಅರ್ಧ ನಿಮಿಷ ಕೂರಿಸಿ ಕೊಡುತ್ತೇನೆ. ಬೇಕು ಅಂದವರು ಐದಾರು ಜನ ಅಷ್ಟೇ. ಉಳಿದವರು ನೀರುದೋಸೆಯೊಳಗೆ ಸುತ್ತಿಕೊಂಡು ತಿಂದು ಎದ್ದರು, ಒಂಬತ್ತಕ್ಕೆ ಮುಂಚೆ ನಾನೂ ಎಲ್ಲರ ಜೊತೆ ಜಗಲಿಯಲ್ಲಿ ಕೂತಿದ್ದೆ.

ಒಂದು ಬಟ್ಟಲು ಮಾತ್ರ ಉಳಿದಿತ್ತು. ಚಿಕ್ಕತ್ತೆಯ ಹೆಸರಿನದ್ದು. ಮೂರು ಸಲ ಕೂಗಿದರೂ ಯಾರೂ ಬರಲಿಲ್ಲ. ಸರಿ, ಹಾಳು ಮಾಡುವುದು ಯಾಕೆ ಅಂತ ನಾನೇ ಮುರಿದು ಬಾಯಿಗಿಟ್ಟೆ. ಒಳಗೆ ಏಳೆಂಟು ಗಾಂಧಾರಿ ಮೆಣಸು, ಇಡಿ ಇಡಿಯಾಗಿ! ಆ ದುಬೈ ಹುಡುಗ ಅಷ್ಟು ಹೊತ್ತಿಗೆ ಅಡಿಕೆ ತೋಟದಲ್ಲಿದ್ದ.