ಕರಿಮೆಣಸಿನಿಂದ ಬೂಷ್ಟಿನವರೆಗೆ: ಔಷಧಿ ಅಣುಗಳ ರಸಾಯನ ನಾನು ಕಲಿತ ರೀತಿ

ಗಿಡಗಳ ಔಷಧಿ ಅಣುಗಳ ಬಗ್ಗೆ ಕಲಿಯಬೇಕು ಅಂದರೆ ಎಲ್ಲರೂ ಮೊದಲು ಕೈಗೆ ಕೊಡುವುದು ಒಂದು ಪಟ್ಟಿ. ಆಲ್ಕಲಾಯ್ಡ್, ಟರ್ಪೀನ್, ಫ್ಲೇವನಾಯ್ಡ್, ಗ್ಲೈಕೋಸೈಡ್, ಹೀಗೆ. ಬಾಯಿಪಾಠ ಮಾಡಿದರೆ ಪರೀಕ್ಷೆ ಪಾಸಾಗಬಹುದು, ಆದರೆ ಗುರುತಿಲ್ಲದ ಅಣುವಿನ ಒಂದು ಸ್ಪೆಕ್ಟ್ರಮ್ (ಉಪಕರಣ ಬರೆದುಕೊಡುವ ಗೆರೆಗಳ ಚಿತ್ರ) ಎದುರಿಗಿಟ್ಟರೆ ಆ ಪಟ್ಟಿ ಯಾವ ಕೆಲಸಕ್ಕೂ ಬರುವುದಿಲ್ಲ. ನಾನು ಮಾಡಿದ್ದು ಇಷ್ಟೇ: ಎಲ್ಲರಿಗೂ ಗೊತ್ತಿರುವ ಒಂದೇ ಅಣುವನ್ನು ಹಿಡಿದುಕೊಂಡು, ಗಿಡ ಅದನ್ನು ಯಾವುದರಿಂದ ಕಟ್ಟಿತು ಅಂತ ಹುಡುಕುತ್ತಾ ಹೋದೆ.

ನಾನು ಆರಿಸಿಕೊಂಡಿದ್ದು ಪೈಪರೀನ್, ಅಂದರೆ ಕರಿಮೆಣಸಿನ ಖಾರ. 1819ರಲ್ಲೇ ಇದನ್ನು ಬೇರ್ಪಡಿಸಿದವರು ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ (ಹೌದು, ಕರೆಂಟು ಹರಿಯುವ ತಂತಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುತ್ತದೆ ಅಂತ ತೋರಿಸಿದ ಅದೇ ಅರ್ಸ್ಟೆಡ್). ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಅಣು ಸಿಗುವುದು ಕಷ್ಟ. ಕಾಳಿನಲ್ಲಿ ಧಾರಾಳವಾಗಿದೆ. ಪುಡಿಯನ್ನು ಎಥನಾಲ್‌ನಲ್ಲಿ ಬಿಸಿ ಮಾಡಿ ಸೋಸಿ, ಸಾರವನ್ನು ಆವಿ ಮಾಡಿ ಗಟ್ಟಿಯಾಗಿಸಿ, ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಕರಗಿಸಿದ ಎಥನಾಲ್ ಸೇರಿಸಿದರೆ ಬೇಡದ ರಾಳ ಗಸಿಯಾಗಿ ಕೆಳಗೆ ಕೂರುತ್ತದೆ. ಮೇಲಿನದನ್ನು ಬೇರೆ ಮಾಡಿ, ಸ್ವಲ್ಪ ಸ್ವಲ್ಪ ನೀರು ಹಾಕಿ, ಅಲುಗಾಡಿಸದೆ ಬಿಟ್ಟುಬಿಡಿ. ಹಳದಿ ಸೂಜಿಗಳು ಮೂಡುತ್ತವೆ, 130 ಡಿಗ್ರಿ ಹತ್ತಿರ ಕರಗುತ್ತವೆ. ಅದರ ದ್ರಾವಣವನ್ನು ಬೆಳಕಿನಲ್ಲಿ ಇಡಬೇಡಿ. ಅಣುವಿನ ಜೋಡಿಬಂಧಗಳು ತಿರುಚಿಕೊಂಡು ಖಾರವೇ ಹೋಗಿಬಿಡುತ್ತದೆ.

ಇಲ್ಲೊಂದು ಮಜಾ ಇದೆ. ಆಲ್ಕಲಾಯ್ಡ್ (ನೈಟ್ರೋಜನ್ ಇರುವ, ಸಾಮಾನ್ಯವಾಗಿ ಕ್ಷಾರ ಗುಣದ ಅಣು) ತೆಗೆಯುವುದಕ್ಕೆ ಪಠ್ಯಗಳು ಹೇಳುವ ಉಪಾಯ ಗೊತ್ತಲ್ವಾ: ಆಮ್ಲದ ನೀರಿಗೆ ಎಳೆದುಕೊಂಡು, ಕ್ಷಾರ ಹಾಕಿ, ಮತ್ತೆ ದ್ರಾವಕಕ್ಕೆ ತರುವುದು. ಪೈಪರೀನ್ ಮೇಲೆ ಅದು ನಡೆಯುವುದಿಲ್ಲ. ಪುಸ್ತಕದಲ್ಲಿ ಆಲ್ಕಲಾಯ್ಡ್ ಅಂತಲೇ ಇದೆ, ಆದರೆ ಅದರ ನೈಟ್ರೋಜನ್ ಪಕ್ಕದ ಕಾರ್ಬೊನಿಲ್‌ಗೆ (ಆಕ್ಸಿಜನ್ ಜೊತೆ ಜೋಡಿಬಂಧ ಇರುವ ಕಾರ್ಬನ್) ಅಂಟಿಕೊಂಡಿದೆ, ಅಂದರೆ ಇದು ಅಮೈಡ್. ತನ್ನ ಎಲೆಕ್ಟ್ರಾನ್ ಜೋಡಿಯನ್ನು ಆ ಕಡೆಗೆ ಹಂಚಿಬಿಟ್ಟಿದೆ, ಆಮ್ಲಕ್ಕೆ ಕೊಡಲು ಉಳಿದಿಲ್ಲ. ಗುಂಪಿನ ಹೆಸರಿಗಿಂತ ರಚನೆ ಮುಖ್ಯ ಅಂತ ನನಗೆ ಮನದಟ್ಟಾದದ್ದು ಇಲ್ಲೇ.

ಎನ್‌ಎಂಆರ್ ಓದುವುದನ್ನೂ ಇದರಲ್ಲೇ ಕಲಿತೆ. ಅಣುವಿನ ಹೈಡ್ರೋಜನ್, ಕಾರ್ಬನ್ ಪರಮಾಣುಗಳು ಎಂಥ ಜಾಗದಲ್ಲಿವೆ ಅಂತ ಕಾಂತಕ್ಷೇತ್ರದಲ್ಲಿಟ್ಟು ತೋರಿಸುವ ಸ್ಪೆಕ್ಟ್ರಮ್ ಅದು, ಪಿಪಿಎಂ ಅದರ ಅಳತೆಪಟ್ಟಿ. 5.97 ಪಿಪಿಎಂ ಹತ್ತಿರ ಎರಡು ಹೈಡ್ರೋಜನ್‌ಗಳ ಒಂದು ಚೂಪು ಗೆರೆ. ಎರಡು ಆಕ್ಸಿಜನ್‌ಗಳ ನಡುವೆ ಸಿಕ್ಕಿಕೊಂಡ ಕಾರ್ಬನ್ ಅದು, ಒಮ್ಮೆ ನೋಡಿದರೆ ಜನ್ಮದಲ್ಲಿ ಮರೆಯುವುದಿಲ್ಲ. 6.4ರ ಬಳಿ ಒಂದು ಜೋಡಿಗೆರೆ, ನಡುವಿನ ಅಂತರ ಸುಮಾರು 15 ಹರ್ಟ್ಸ್, ಅಂದರೆ ಟ್ರಾನ್ಸ್ ಜೋಡಿಬಂಧ (ಹೈಡ್ರೋಜನ್‌ಗಳು ಎದುರುಬದುರು ಬದಿಯಲ್ಲಿರುವುದು). ಬಲಗಡೆ 1.6ರ ಸುತ್ತ ಇರುವ ಗುಪ್ಪೆ ಪೈಪರಿಡೀನ್ ಉಂಗುರದ್ದು. ಈಗ ಗಿಡದ ಕಡೆಯಿಂದ ನೋಡಿ. ಬೆಂಜೀನ್ ಇರುವ ಭಾಗ ಫಿನೈಲಲನೀನ್‌ನಿಂದ ಬಂದದ್ದು, ಪೈಪರಿಡೀನ್ ಉಂಗುರ ಲೈಸೀನ್‌ನಿಂದ. ಎರಡನ್ನೂ ಬೇರೆ ಬೇರೆ ಮಾಡಿ, ಕೊನೆಗೆ ಒಂದು ಅಮೈಡ್ ಬಂಧ ಹಾಕಿ ಸೇರಿಸಿದೆ ಗಿಡ. ಈ ಕಣ್ಣು ಬಂದಮೇಲೆ ಹೊಸ ಅಣು ಸಿಕ್ಕಾಗ ಸಾಧ್ಯತೆಗಳು ಸಾವಿರ ಇರುವುದಿಲ್ಲ, ನಾಲ್ಕೈದು ಇರುತ್ತವೆ.

ಶಿಲೀಂಧ್ರಗಳ ಕಡೆ ಬಂದಾಗ ಇದೇ ಕಣ್ಣು ಉಪಯೋಗಕ್ಕೆ ಬಂತು. ಲೋವಸ್ಟಾಟಿನ್ ಗೊತ್ತಿರಬಹುದು, ಕೊಲೆಸ್ಟ್ರಾಲ್ ಮಾತ್ರೆ, ಆಸ್ಪರ್ಜಿಲಸ್ ಟೆರಿಯಸ್ ಅನ್ನುವ ಬೂಷ್ಟು ಮಾಡುವುದು, 1987ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿಗೆ ಪಡೆಯಿತು. ನೋಡಲು ಗೋಜಲು, ಆದರೆ ಬಹುಪಾಲು ಎರಡೆರಡು ಕಾರ್ಬನ್‌ನ ಅಸಿಟೇಟ್ ತುಂಡುಗಳನ್ನು ಪೋಣಿಸಿದ ಸರ. ಇಂಥ ಬೂಷ್ಟಿಗೆ ಒಂದು ತುದಿಯಲ್ಲಿ ಕಾರ್ಬನ್-13 (ಎನ್‌ಎಂಆರ್‌ನಲ್ಲಿ ಕಾಣುವ, ಸ್ವಲ್ಪ ಭಾರದ ಕಾರ್ಬನ್) ಇರುವ ಅಸಿಟೇಟ್ ತಿನ್ನಿಸಿದರೆ ಸರದ ಉದ್ದಕ್ಕೂ ಒಂದು ಬಿಟ್ಟು ಒಂದು ಕಾರ್ಬನ್ನಿನ ಗೆರೆ ಎದ್ದು ನಿಲ್ಲುತ್ತದೆ. ಪುಸ್ತಕದಲ್ಲಿ ಓದುವುದು ಬೇರೆ, ಸ್ಪೆಕ್ಟ್ರಮ್‌ನಲ್ಲಿ ಕಣ್ಣಾರೆ ನೋಡುವುದೇ ಬೇರೆ.

ಆದರೆ ಬೂಷ್ಟು ಗಿಡದಷ್ಟು ನಂಬಿಕಸ್ಥ ಅಲ್ಲ. ಅದೇ ತಳಿಯನ್ನು ಅನ್ನದ ಮೇಲೆ ಬೆಳೆಸಿದರೆ ಒಂದು ಅಣು, ದ್ರವದಲ್ಲಿ ಬೆಳೆಸಿದರೆ ಇನ್ನೊಂದು. ಪ್ಲೇಟಿನಿಂದ ಪ್ಲೇಟಿಗೆ ಜಾಸ್ತಿ ದಾಟಿಸುತ್ತಾ ಹೋದರೆ ಬೇಕಾದದ್ದನ್ನು ಮಾಡುವುದನ್ನೇ ನಿಲ್ಲಿಸಿಬಿಡಬಹುದು. ಮೊದಲ ದಿನವೇ ಗ್ಲಿಸರಾಲ್ ಹಾಕಿ ಫ್ರೀಜರ್‌ನಲ್ಲಿ ಒಂದಿಷ್ಟು ಎತ್ತಿಡಿ.

ಇನ್ನು ಗುರುತು ಹಿಡಿದು ಪಕ್ಕಕ್ಕೆ ಸರಿಸಬೇಕಾದವು. ಶಿಲೀಂಧ್ರದ ಸಾರದ ಅತಿನೇರಳೆ ಬೆಳಕಿನ ಸ್ಪೆಕ್ಟ್ರಮ್‌ನಲ್ಲಿ 271, 282, 293 ನ್ಯಾನೋಮೀಟರ್‌ನಲ್ಲಿ ಬೆರಳುಗಳ ಹಾಗೆ ಶಿಖರಗಳು ಕಂಡರೆ ಅದು ಎರ್ಗೊಸ್ಟೆರಾಲ್, ಹೆಚ್ಚುಕಡಿಮೆ ಎಲ್ಲ ಅಣಬೆ ಬೂಷ್ಟುಗಳಲ್ಲೂ ಇರುವಂಥದ್ದು, ಸುಮ್ನೆ ಅದರ ಹಿಂದೆ ಹೋಗಬೇಡಿ. ಮಾಸ್ ಸ್ಪೆಕ್ಟ್ರಮ್‌ನಲ್ಲಿ (ಅಣು ಮತ್ತು ಅದರ ತುಂಡುಗಳ ತೂಕ ತೋರಿಸುವುದು) 149 ಎದ್ದು ಕಂಡರೆ ಮೊದಲು ನಿಮ್ಮ ಪ್ಲಾಸ್ಟಿಕ್ ಟ್ಯೂಬು, ಮುಚ್ಚಳ, ದ್ರಾವಕದ ಕ್ಯಾನು ನೋಡಿ. ಅದು ಥ್ಯಾಲೇಟ್, ಪ್ಲಾಸ್ಟಿಕ್ ಮೆದುವಾಗಲು ಬೆರೆಸುವ ವಸ್ತು.

ಬಿಸಿಯ ವಿಷಯದಲ್ಲಿ ಜಿಪುಣತನ ಒಳ್ಳೆಯದು. ಮಲೇರಿಯಾ ಔಷಧಿ ಆರ್ಟೆಮಿಸಿನಿನ್‌ನ ಕೆಲಸ ಮಾಡುವ ಸಾರ 1971ರಲ್ಲಿ ಚೀನಾದ ವಿಜ್ಞಾನಿ ಟು ಯೂಯೂ ಅವರ ತಂಡಕ್ಕೆ ಸಿಕ್ಕಿದ್ದು ಈಥರ್ ಬಳಸಿ ಕಡಿಮೆ ಬಿಸಿಯಲ್ಲಿ ತೆಗೆದಾಗ. ಈಥರ್ 35 ಡಿಗ್ರಿಗೇ ಕುದಿಯುತ್ತದೆ. ಪೈಪರೀನ್ ಬಿಸಿಗೆ ಜಗ್ಗುವುದಿಲ್ಲ, ಆದರೆ ಒಳಗೆ ಏನಿದೆ ಅಂತ ಗೊತ್ತಿಲ್ಲದ ಸಾರವನ್ನು ನಾನು 40 ಡಿಗ್ರಿಗಿಂತ ಮೇಲೆ ಆವಿ ಮಾಡುವುದಿಲ್ಲ.

ಕೊನೆಗೆ ಚಟುವಟಿಕೆಯ ಪರೀಕ್ಷೆ. ತೊಗಟೆಯ ಸಾರ ಯಾವ ಕಿಣ್ವವನ್ನು ಕೊಟ್ಟರೂ ತಡೆಯುತ್ತದೆ ಅಂತ ಬಂದರೆ ನನಗೆ ಖುಷಿಗಿಂತ ಅನುಮಾನ ಜಾಸ್ತಿ. ತೊಗಟೆಯ ಒಗರು ವಸ್ತುವಾದ ಟ್ಯಾನಿನ್ ಸಿಕ್ಕಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತದೆ. ಮೊದಲು ಪಾಲಿಅಮೈಡ್ (ಟ್ಯಾನಿನ್ ಹಿಡಿದಿಟ್ಟುಕೊಳ್ಳುವ, ನೈಲಾನ್ ಜಾತಿಯ ಪುಡಿ) ಮೂಲಕ ಹಾಯಿಸಿ, ಟ್ಯಾನಿನ್ ತೆಗೆದು, ಇನ್ನೊಮ್ಮೆ ನೋಡುತ್ತೇನೆ. ಕೆಲವು ಒಳ್ಳೆ ಫ್ಲೇವನಾಯ್ಡ್‌ಗಳೂ ಅದರಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ, ಗೊತ್ತು. ಆದರೂ ಚಟುವಟಿಕೆ ಪೂರ್ತಿ ಮಾಯವಾದರೆ ಆ ಸಾರವನ್ನು ಅಲ್ಲಿಗೇ ಬಿಟ್ಟು ಮುಂದಿನದನ್ನು ತೆಗೆದುಕೊಳ್ಳುತ್ತೇನೆ.