ಇ-ಸಿಗರೇಟಿನ ಟ್ಯಾಂಕ್, ಕಾಯಿಲ್, ಬ್ಯಾಟರಿ: ಶುಚಿ ಮತ್ತು ನಿಗಾ

ಸಾಧನ ಆಫ್ ಮಾಡಿ, ನಿಕೋಟಿನ್ ದ್ರವ ತುಂಬುವ ಟ್ಯಾಂಕನ್ನು ತಿರುಗಿಸಿ ಬಿಚ್ಚಿ. ಉಳಿದ ದ್ರವವನ್ನು ಟಿಶ್ಯೂಗೆ ಇಂಗಿಸಿ. ನಿಕೋಟಿನ್ ಚರ್ಮದ ಮೂಲಕವೂ ಒಳಹೋಗುತ್ತದೆ, ಕೈಗವಸು ಹಾಕಿಕೊಳ್ಳಿ. ಕಾಯಿಲ್ (ದ್ರವವನ್ನು ಬಿಸಿಮಾಡಿ ಆವಿಯಾಗಿಸುವ ತಂತಿಯ ಸುರುಳಿ) ತೆಗೆದಿಟ್ಟು ಗಾಜು, ಬಾಯಿಗಿಡುವ ತುದಿ, ರಬ್ಬರ್ ರಿಂಗುಗಳನ್ನು ಉಗುರುಬೆಚ್ಚಗಿನ ನೀರಲ್ಲಿ 10 ನಿಮಿಷ ನೆನೆಸಿ ತೊಳೆದು, ಪೂರ್ತಿ ಒಣಗಿಸಿ. ರಿಂಗು ಸೀಳಿದ್ದರೆ, ತಿರುಚಿಕೊಂಡು ಕೂತಿದ್ದರೆ ಟ್ಯಾಂಕ್ ಸೋರುತ್ತದೆ.

ಬ್ಯಾಟರಿ ಭಾಗಕ್ಕೆ ನೀರು ತಾಗಿಸಲೇಬೇಡಿ. ಟ್ಯಾಂಕ್ ಕೂರುವ ಗುಳಿಯ ನಡುವಿನ ಪಿನ್ ಮೇಲೆ ಕಂದು ಅಂಟು ಕಟ್ಟಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಇಯರ್‌ಬಡ್‌ನಿಂದ ಒರೆಸಿ. ಹೊಸ ಕಾಯಿಲ್ ಹಾಕಿದರೂ ಸಾಧನ ಅದನ್ನು ಗುರುತಿಸದಿದ್ದರೆ ಎಷ್ಟೋ ಸಲ ಈ ಅಂಟಿನದ್ದೇ ಕಿತಾಪತಿ.

ಹತ್ತಿಯಿರುವ ಕಾಯಿಲ್ ತೊಳೆದು ಮರುಬಳಸುವುದು ವ್ಯರ್ಥ ಪ್ರಯಾಸ. ಹತ್ತಿ ಒಮ್ಮೆ ಕರಕಲಾದರೆ ಆ ಸುಟ್ಟ ರುಚಿ ಹೋಗದು. ಸಿಹಿ ಹೆಚ್ಚಿರುವ ದ್ರವ ಸುರುಳಿಯ ಮೇಲೆ ಬೇಗ ಕರಿಗಟ್ಟುತ್ತದೆ. ಹೊಸ ಕಾಯಿಲ್‌ನ ಪಕ್ಕದ ರಂಧ್ರಗಳಲ್ಲಿ ಕಾಣುವ ಹತ್ತಿಗೆ ನಾಲ್ಕೈದು ಹನಿ ದ್ರವ ಬಿಟ್ಟು, ಟ್ಯಾಂಕ್ ತುಂಬಿ 10 ನಿಮಿಷ ಕಾಯಿರಿ. ಶುರುವಿಗೆ ವಾಟ್ (ಬಿಸಿಮಾಡುವ ಶಕ್ತಿ) ಕಡಿಮೆಯಿರಲಿ. ಆತುರಪಟ್ಟರೆ ಮೊದಲ ದಮ್ಮಿಗೇ ಹತ್ತಿ ಸುಡುತ್ತದೆ.

ಬಿಚ್ಚಿ ಮತ್ತೆ ಹಾಕಬಹುದಾದ 18650 (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ) ಬ್ಯಾಟರಿಯ ಪ್ಲಾಸ್ಟಿಕ್ ಹೊದಿಕೆ ಚೂರು ಹರಿದಿದ್ದರೂ ಬಳಸಬೇಡಿ, ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಬಿಡಿ ಬ್ಯಾಟರಿಯನ್ನು ಕೀಲಿಕೈ, ಚಿಲ್ಲರೆಯ ಜೊತೆ ಜೇಬಿಗೆ ಹಾಕದೆ ಡಬ್ಬಿಯಲ್ಲಿಡಿ.